ಬೂಷ್ಟು ಹಿಡಿದ ಬೆಲ್ಟು

ಹೋದ ವರ್ಷ ಆಶ್ಲೇಷ ಮಳೆ ಬಿಡದೆ ಹೊಯ್ಯುತ್ತಿದ್ದಾಗ ಊರಿಗೆ ಹೋಗಿದ್ದೆ. ಹೊಸನಗರದಿಂದ ನಗರ ಅನ್ನುವ ಊರಿನ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮೇ ತಿಂಗಳ ರಜೆಯಲ್ಲಿ ಒಂದು ಮದುವೆಗೆ ವಾಚು ಕಟ್ಟಿಕೊಂಡು ಹೋಗಿದ್ದೆ. ಬಂದು ಬಿಚ್ಚಿಟ್ಟವಳು ಶಾಲೆ ಶುರುವಾಗುವ ಗಡಿಬಿಡಿಯಲ್ಲಿ ಅಲ್ಲೇ ಮರೆತು ಶಿವಮೊಗ್ಗಕ್ಕೆ ಬಂದುಬಿಟ್ಟಿದ್ದೆ. ಈಗ ತೆಗೆದುಕೊಳ್ಳೋಣ ಅಂತ ಬೀರು ತೆಗೆದರೆ ಮುಗ್ಗಲು ವಾಸನೆ. ಡಬ್ಬಿಯೊಳಗೆ ವಾಚು ಸರಿಯಾಗಿಯೇ ಇತ್ತು. ಕೀ ಕೊಟ್ಟ ಕೂಡಲೇ ಟಿಕ್ ಟಿಕ್ ಅಂತ ಹೊರಟಿತು. ಆದರೆ ಬೆಲ್ಟು? ಕಂದು ಬಣ್ಣದ ಚರ್ಮ ಎಲ್ಲಿತ್ತೋ ಅಲ್ಲೆಲ್ಲ ಬೂದಿ ಬಣ್ಣದ ಬೂಷ್ಟು ಹತ್ತಿಯ ಹಾಗೆ ಕೂತಿತ್ತು. ಹೊಲಿಗೆಯ ಸಾಲಿನಲ್ಲಿ, ಬಕಲಿನ ಮಡಿಕೆಯಲ್ಲಿ, ಒಂದೊಂದು ತೂತಿನ ಒಳಗೂ ಬೂಷ್ಟು.

ನನಗೆ ನಿಜವಾಗಿ ಬೇಜಾರಾಯಿತು. ಆ ಬೆಲ್ಟನ್ನು ನಾನು ಆಸೆಪಟ್ಟು ಕೊಂಡಿದ್ದೆ. ಅದಕ್ಕಿಂತ ಹೆಚ್ಚಾಗಿ, ಅದೇ ಬೆಲ್ಟು ಅದರ ಹಿಂದಿನ ವರ್ಷದ ಮಳೆಗಾಲವನ್ನು ಶಿವಮೊಗ್ಗದಲ್ಲಿ ನನ್ನ ಕೈ ಮೇಲೆ ಪೂರ್ತಿ ಕಳೆದಿತ್ತು. ಒಂದು ಚುಕ್ಕೆ ಬೂಷ್ಟು ಬಂದಿರಲಿಲ್ಲ. ಹಾಗಾದರೆ ತಪ್ಪು ಬೆಲ್ಟಿನದಾ, ನನ್ನದಾ, ಊರಿನದಾ? ಚರ್ಮದ ಬೆಲ್ಟು ಒಳ್ಳೆಯದಾ ಸ್ಟೀಲಿನ ಚೈನು ಒಳ್ಳೆಯದಾ ಅಂತ ಎಲ್ಲರೂ ಯಾವಾಗಲಾದರೂ ಕೇಳಿಕೊಂಡಿರುತ್ತೇವೆ, ಅಂಗಡಿಯಲ್ಲಿ ಎರಡನ್ನೂ ಕೈಗೆ ಹಿಡಿದು ನೋಡಿ ಚೆಂದ ಕಂಡದ್ದನ್ನು ತರುತ್ತೇವೆ. ಆ ಬೂಷ್ಟು ನೋಡಿದ ಮೇಲೆ ನನಗೆ ಈ ಪ್ರಶ್ನೆ ಬಿಡಲಿಲ್ಲ. ವಿಜ್ಞಾನ ಕಲಿಸುವವಳು ನಾನು, ಕಾರಣ ಗೊತ್ತಾಗದೆ ಇದ್ದರೆ ಸಮಾಧಾನ ಇಲ್ಲ.

ವಾಚಿನ ಬಗ್ಗೆ ಒಂದು ಮಾತು. ಅದು ಎಚ್‌ಎಂಟಿ ಜನತಾ. 2009ರಲ್ಲಿ ನನಗೆ ಕೆಲಸ ಸಿಕ್ಕಿದಾಗ ಅಪ್ಪಯ್ಯ ಕೊಡಿಸಿದ್ದು. ಹೆಂಗಸರ ಕೈಗೆ ದೊಡ್ಡದು ಅಂತ ಹಲವರು ಹೇಳಿದರು. ನನಗೆ ಅದೇ ಇಷ್ಟ, ಕ್ಲಾಸಿನಲ್ಲಿ ದೂರದಿಂದಲೂ ಮುಳ್ಳು ಕಾಣುತ್ತದೆ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ ಶುರುವಾದ ಎಚ್‌ಎಂಟಿ ವಾಚು ಕಾರ್ಖಾನೆಯನ್ನು 2016ರಲ್ಲಿ ಮುಚ್ಚುವ ತೀರ್ಮಾನವಾಯಿತು. ಹಾಗಾಗಿ ಈ ವಾಚು ಹೋದರೆ ಇಂಥದ್ದೇ ಇನ್ನೊಂದು ಸಿಗುವುದು ಕಷ್ಟ. ಬೆಲ್ಟು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ವಾಚನ್ನು ಬದಲಾಯಿಸುವ ಮನಸ್ಸು ನನಗಿಲ್ಲ.

ಬಚ್ಚಲ ಒಲೆಯ ಮೇಲೆ

ಬೂಷ್ಟನ್ನು ಜಗಲಿಯ ತುದಿಗೆ ಒಯ್ದು ಹಳೇ ಬಟ್ಟೆಯಲ್ಲಿ ಒರೆಸಿದೆ. ಒಳಗೆ ಒರೆಸಬಾರದು, ಅದರ ಪುಡಿ ಹಾರಿ ಇನ್ನೊಂದು ಕಡೆ ಕೂರುತ್ತದೆ. ಆಮೇಲೆ ಸ್ವಲ್ಪ ವಿನೆಗರ್‌ಗೆ ನೀರು ಬೆರೆಸಿ ಇನ್ನೊಂದು ಸಲ ಒರೆಸಿದೆ. ಬೆಲ್ಟು ಒದ್ದೆಯಾಯಿತು. ಗಾಳಿಗೆ ಒಣಗಲಿ ಅಂತ ಜಗಲಿಯ ಕಂಬದ ಮೊಳೆಗೆ ನೇತುಹಾಕಿ ಮಲಗಿದೆ. ಆದರೆ ಆಶ್ಲೇಷದಲ್ಲಿ ಗಾಳಿ ಅನ್ನುವುದೇ ಅರ್ಧ ನೀರು, ಅಲ್ವಾ. ರಾತ್ರಿ ಎದ್ದ ಅಪ್ಪಯ್ಯ ಅದು ಇನ್ನೂ ಹಸಿಯಾಗಿಯೇ ಇರುವುದನ್ನು ಮುಟ್ಟಿ ನೋಡಿ, ಮಗಳಿಗೆ ಬೆಳಗ್ಗೆ ಬಸ್ಸಿಗೆ ಹೋಗುವಷ್ಟರಲ್ಲಿ ಒಣಗಿರಲಿ ಅಂತ ಬಚ್ಚಲ ಒಲೆಯ ಮೇಲಿನ ಗಳಕ್ಕೆ, ಒದ್ದೆ ಬಟ್ಟೆಗಳ ಜೊತೆಗೆ, ತೂಗಿಬಿಟ್ಟಿದ್ದರು.

ಬೆಳಗ್ಗೆ ಅದು ಒಣಗಿತ್ತು. ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿ ಗಟ್ಟಿಯಾಗಿತ್ತು. ಬಗ್ಗಿಸಲು ಹೋದರೆ ಮೇಲ್ಪದರದಲ್ಲಿ ಕೂದಲೆಳೆಯಷ್ಟು ಬಿರುಕು ಬಂತು. ಅಪ್ಪಯ್ಯ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಎಂತ ಆತು ಕೂಸೇ, ಹಾಳಾತಾ?" ಅಂದರು. ಇಲ್ಲ ಅಪ್ಪಯ್ಯ, ಸರಿಹೋಗುತ್ತದೆ ಅಂದೆ. ಸರಿಹೋಗುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಅವರು ತಮ್ಮ ಕೈಯನ್ನು ಒಮ್ಮೆ ನೋಡಿಕೊಂಡರು. ಅಪ್ಪಯ್ಯನ ಕೈಯಲ್ಲಿ ನಾನು ಹುಟ್ಟುವ ಮೊದಲಿನಿಂದ ಇರುವುದು ಸ್ಪ್ರಿಂಗ್ ಚೈನು. ಲಾಕಿಲ್ಲ, ಬಕಲಿಲ್ಲ, ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕೂರುತ್ತದೆ. ಅಡಿಕೆ ಸುಲಿಯಲು ಕೂತಾಗ, ಹಂಡೆಗೆ ಕೈ ಹಾಕುವಾಗ ಅದನ್ನು ಮೊಣಕೈ ಹತ್ತಿರಕ್ಕೆ ಮೇಲೇರಿಸಿಕೊಳ್ಳುತ್ತಾರೆ. ಚಿಕ್ಕವಳಿದ್ದಾಗ ನನಗೆ ವಾಚು ಅಂದರೆ ಮೊಣಕೈ ಹತ್ತಿರ ಇರುವ ವಸ್ತು ಅಂತಲೇ ಅನಿಸಿತ್ತು. "ನೀರಿನ ಊರಿಗೆ ಚರ್ಮ ಆಗದಿಲ್ಲೆ" ಅಂತ ಇಷ್ಟೇ ಹೇಳಿದರು.

ಚರ್ಮ ಹೀಗೆ ಯಾಕೆ ಆಗುತ್ತದೆ ಅನ್ನುವುದಕ್ಕೆ ಉತ್ತರ ನಮ್ಮ ಮನೆಯ ಅಂಗಳದಲ್ಲೇ ಇದೆ. ಹಸಿ ಚರ್ಮ ಹಾಗೇ ಬಿಟ್ಟರೆ ಕೊಳೆಯುತ್ತದೆ. ಕೊಳೆಯದ ಹಾಗೆ ಹದ ಮಾಡಬೇಕು. ಹಳೆಯ ಕ್ರಮ ಅಂದರೆ ಮರದ ತೊಗಟೆ, ಕಾಯಿಗಳ ಒಗರು ನೀರಿನಲ್ಲಿ ನೆನೆಸುವುದು. ನಮ್ಮ ದೇಶದಲ್ಲಿ ತಂಗಡಿ ತೊಗಟೆ, ಅಳಲೆಕಾಯಿ ಇದಕ್ಕೆ ಹೆಸರಾದವು. ಅಳಲೆಕಾಯಿ ನಮ್ಮ ಕಾಡಿನದೇ. ಆ ಒಗರಿಗೆ ಪುಸ್ತಕದಲ್ಲಿ ಟ್ಯಾನಿನ್ ಅನ್ನುತ್ತಾರೆ. ಅಡಿಕೆ ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಪು ಚೊಗರು ಇದೆಯಲ್ಲ, ಅದರಲ್ಲೂ ಇರುವುದು ಅದೇ. ಟ್ಯಾನಿನ್ ಚರ್ಮದ ನಾರುಗಳ ನಡುವೆ ಸೇರಿ ಅವನ್ನು ಹಿಡಿದು ನಿಲ್ಲಿಸುತ್ತದೆ, ಆಮೇಲೆ ಹಚ್ಚುವ ಎಣ್ಣೆ ನಾರುಗಳು ಒಂದರ ಮೇಲೊಂದು ಜಾರುವಂತೆ ಇಡುತ್ತದೆ. ಅದಕ್ಕೇ ಬೆಲ್ಟು ಬಗ್ಗುತ್ತದೆ. ಒದ್ದೆ ಚರ್ಮವನ್ನು ಬಿಸಿಯಲ್ಲಿ ಬೇಗ ಒಣಗಿಸಿದರೆ ನಾರುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಗರಿನಿಂದ ಹದ ಮಾಡಿದ ಚರ್ಮ ಒದ್ದೆಯಾಗಿದ್ದಾಗ 75–85 ಡಿಗ್ರಿ ಸೆಲ್ಸಿಯಸ್ ಬಿಸಿಗೇ ಮುದುಡಿಕೊಳ್ಳುತ್ತದೆ. ಅಪ್ಪಯ್ಯನ ತಪ್ಪೇನೂ ಇರಲಿಲ್ಲ. ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಎಲ್ಲವೂ ಒಣಗುವುದು ಆ ಗಳದ ಮೇಲೇ, ಚರ್ಮಕ್ಕೆ ಮಾತ್ರ ಆ ಗಳ ಆಗುವುದಿಲ್ಲ.

ಚೊಗರಿನ ಇನ್ನೊಂದು ಗುಣ ಗೊತ್ತಲ್ಲ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿದವರ ಬೆರಳು ಕಪ್ಪಾಗಿರುತ್ತದೆ, ವಾರಗಟ್ಟಲೆ ಹೋಗುವುದಿಲ್ಲ. ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು. ಹಿಂದಿನವರು ಅಳಲೆಕಾಯಿಗೆ ಅನ್ನಭೇದಿ ಅನ್ನುವ ಕಬ್ಬಿಣದ ಉಪ್ಪು ಸೇರಿಸಿ ಶಾಯಿ ಮಾಡುತ್ತಿದ್ದದ್ದೂ ಹೀಗೇ. ನಾನು ಪ್ರತಿ ವರ್ಷ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನು ಮಾಡಿ ತೋರಿಸುತ್ತೇನೆ, ಮಕ್ಕಳು ಆ ಶಾಯಿಯಲ್ಲಿ ತಮ್ಮ ಹೆಸರು ಬರೆದುಕೊಳ್ಳುತ್ತಾರೆ. ಬೆಲ್ಟಿನ ತೂತುಗಳ ಸುತ್ತ, ಬಕಲಿನ ಕೆಳಗೆ ಕಪ್ಪು ಕಲೆ ಬಂದದ್ದನ್ನು ಕೊಳೆ ಅಂತ ಉಜ್ಜುತ್ತೇವಲ್ಲ, ಎಷ್ಟೋ ಸಲ ಅದು ಕೊಳೆಯಲ್ಲ. ಅಗ್ಗದ ಬಕಲಿಗೆ ತುಕ್ಕು ಬಂದು, ಒದ್ದೆ ಚರ್ಮದ ಒಗರಿನ ಜೊತೆ ಸೇರಿ ಅಲ್ಲಿಯೇ ಶಾಯಿ ಆಗಿರುತ್ತದೆ. ಉಜ್ಜಿದರೆ ಹೋಗುವುದಿಲ್ಲ.

"ಯಾವ ಊರು ನಿಮ್ಮದು?"

ಶಿವಮೊಗ್ಗಕ್ಕೆ ವಾಪಸ್ ಬಂದ ಮೇಲೆ ಗಾಂಧಿ ಬಜಾರಿನ ಒಂದು ಪುಟ್ಟ ವಾಚ್ ರಿಪೇರಿ ಅಂಗಡಿಗೆ ಹೋದೆ. ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲಿ ನಿಲ್ಲಬೇಕು, ಅಷ್ಟೇ ಜಾಗ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದವರು ತಲೆ ಎತ್ತಲಿಲ್ಲ. ಲೆದರ್ ಬೆಲ್ಟ್ ಬೇಕಿತ್ತು, 18 ಮಿ.ಮೀ. ಅಂದೆ. ಆಗ ತಲೆ ಎತ್ತಿದರು. "ಯಾವ ಊರು ನಿಮ್ಮದು ಮೇಡಂ?"

ಬೆಲ್ಟಿಗೂ ಊರಿಗೂ ಏನು ಸಂಬಂಧ ಅಂತ ನಾನು ಕೇಳುವ ಮೊದಲೇ ಅವರು ಹೇಳಿದರು. "ಆಗುಂಬೆ ಕಡೆಯವರಿಗೆ ಜೂನ್‌ನಿಂದ ಅಕ್ಟೋಬರ್ ತನಕ ನಾನು ಲೆದರ್ ಕೊಡಲ್ಲ. ಭದ್ರಾವತಿ, ಶಿಕಾರಿಪುರದವರು ಕೇಳಿದರೆ ಕೊಡ್ತೀನಿ. ಆಮೇಲೆ ಕೆಲಸ ಏನು ಅಂತ ಕೇಳ್ತೀನಿ. ಹೋಟೆಲಲ್ಲಿ ಕೆಲಸ ಮಾಡೋರಿಗೆ, ಹಾಲು ಕರೆಯೋರಿಗೆ ಎಲ್ಲಿಯವರಾದ್ರೂ ಚೈನೇ." ನಾನು ಊರು ಹೇಳಿದೆ, ಬೂಷ್ಟಿನ ಕತೆ ಹೇಳಿದೆ, ಒಲೆಯ ಕತೆಯನ್ನೂ ಹೇಳಿದೆ. ಅವರು ನಗಲಿಲ್ಲ. ಹಾಗೆ ಒಲೆಯ ಮೇಲೆ ಒಣಗಿಸಿದ ಬೆಲ್ಟುಗಳು ವರ್ಷಕ್ಕೆ ಹತ್ತಾರು ಬರುತ್ತವೆ ಅಂದರು.

ಆ ಒಂದು ಪ್ರಶ್ನೆಯಿಂದ ನನ್ನ ತಲೆಯಲ್ಲಿದ್ದದ್ದು ಬಿಡಿಸಿಕೊಂಡಿತು. ನಾವು ಮಲೆನಾಡು ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ. ಅಲ್ಲಿಂದ ಸುಮಾರು 90 ಕಿ.ಮೀ. ದೂರದ ಶಿವಮೊಗ್ಗ ಪೇಟೆಯಲ್ಲಿ 1000 ಮಿ.ಮೀ. ಆಸುಪಾಸು. ಅದೇ ಜಿಲ್ಲೆ, ಅದೇ ನೋಂದಣಿಯ ಬೈಕುಗಳು, ಅದೇ ಅಂಗಡಿಯ ಬೆಲ್ಟು. ನಡುದಾರಿಯ ಮಂಡಗದ್ದೆ ದಾಟುತ್ತಿದ್ದ ಹಾಗೆ ಗಾಳಿಯೇ ಬೇರೆಯಾಗುವುದು ಬಸ್ಸಿನಲ್ಲಿ ಕೂತವರಿಗೆ ಕಿಟಕಿ ಮುಚ್ಚಿದ್ದರೂ ಗೊತ್ತಾಗುತ್ತದೆ. ಗಾಳಿಯ ತೇವ ನೂರಕ್ಕೆ ಎಪ್ಪತ್ತು ದಾಟಿ ಅಲ್ಲೇ ನಿಂತರೆ ಬೂಷ್ಟು ಚರ್ಮದ ಮೇಲೆ ಬೇರು ಬಿಡುತ್ತದೆ. ಚರ್ಮ, ಅದಕ್ಕೆ ಹಚ್ಚಿದ ಎಣ್ಣೆ, ನಮ್ಮ ಬೆವರು ಎಲ್ಲವೂ ಅದಕ್ಕೆ ಊಟ. ದಿನಾ ಕಟ್ಟಿಕೊಳ್ಳುವ ಬೆಲ್ಟಿಗೆ ಗಾಳಿ ಆಡುತ್ತದೆ, ಉಜ್ಜಾಟ ಇರುತ್ತದೆ. ಬೀರುವಿನಲ್ಲಿ ಮುಚ್ಚಿಟ್ಟದ್ದಕ್ಕೆ ಇವು ಯಾವುವೂ ಇಲ್ಲ. ಹಾಗಾಗಿ ನನ್ನ ಬೆಲ್ಟನ್ನು ಹಾಳು ಮಾಡಿದ್ದು ಮಳೆ ಒಂದೇ ಅಲ್ಲ, ನಾನು ಅದನ್ನು ಜೋಪಾನ ಅಂದುಕೊಂಡು ಮುಚ್ಚಿಟ್ಟದ್ದು ಕೂಡ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡುವವರು ಇನ್ನೂ ದೊಡ್ಡ ತಪ್ಪು ಮಾಡುತ್ತಾರೆ, ತೇವ ಒಳಗೇ ಉಳಿಯುತ್ತದೆ.

ಅಂಗಡಿಯವರು ಇನ್ನೊಂದು ವಿಷಯ ತೋರಿಸಿದರು, ಇದು ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ. ಲೆದರ್ ಅಂತ ಮಾರುವುದರಲ್ಲಿ ಎಷ್ಟೋ ಲೆದರ್ ಅಲ್ಲ. ಬಟ್ಟೆಯ ಮೇಲೆ ಪ್ಲಾಸ್ಟಿಕ್ ಲೇಪ ಕೊಟ್ಟ ರೆಕ್ಸಿನ್, ಇಲ್ಲವೇ ತೆಳು ಚರ್ಮದ ಮೇಲೆ ದಪ್ಪ ಲೇಪ. ಬೆಲ್ಟಿನ ಅಂಚನ್ನು, ತೂತಿನ ಒಳಗನ್ನು ನೋಡಬೇಕು. ನಿಜವಾದ ಚರ್ಮವಾದರೆ ಅಲ್ಲಿ ನಾರು ಕಾಣುತ್ತದೆ. ಬಗ್ಗಿಸಿದರೆ ಸಣ್ಣ ಸಣ್ಣ ಸುಕ್ಕು ಬರುತ್ತದೆ, ಒಂದೇ ದೊಡ್ಡ ಗೆರೆ ಬರುವುದಿಲ್ಲ. ರೆಕ್ಸಿನ್ನಿನ ಲೇಪ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ಕಿನದಾದರೆ, ಬಿಸಿ ಮತ್ತು ತೇವ ಎರಡೂ ಇರುವ ಕಡೆ ನೀರಿನ ಜೊತೆ ಸೇರಿ ತಾನಾಗಿಯೇ ಒಡೆಯುತ್ತದೆ. ನಮ್ಮ ಕಡೆ ಶೂಗಳ ಅಟ್ಟೆ ಒಂದು ದಿನ ಇದ್ದಕ್ಕಿದ್ದ ಹಾಗೆ ಪುಡಿಪುಡಿಯಾಗಿ ಉದುರುವುದಕ್ಕೂ ಎಷ್ಟೋ ಸಲ ಇದೇ ಕಾರಣ. ಅಂಥ ಬೆಲ್ಟನ್ನು ಕಟ್ಟಿಕೊಂಡು ಚರ್ಮ ಬಾಳಿಕೆ ಬರಲ್ಲ ಅಂತ ದೂರುವುದು ಚರ್ಮಕ್ಕೆ ಮಾಡುವ ಅನ್ಯಾಯ.

ಒಳಗೆ ಬೇಡ

ಚರ್ಮ ಅಂದಾಗ ನನಗೆ ಮರೆಯಲಾಗದ ಇನ್ನೊಂದು ದಿನ ಇದೆ. ಎಸ್‌ಎಸ್‌ಎಲ್‌ಸಿ ಪಾಸಾದಾಗ ನನಗೆ ಮೊದಲ ವಾಚು ಬಂತು, ಕಪ್ಪು ಚರ್ಮದ ಬೆಲ್ಟಿನದು. ಆ ವರ್ಷ ಅಜ್ಜನ ಶ್ರಾದ್ಧದ ದಿನ ಬಡಿಸಲು ನಾನೂ ಹೊರಟೆ. ಅಜ್ಜಿ ಅಡಿಗೆಮನೆಯ ಹೊಸ್ತಿಲಲ್ಲಿ ತಡೆದರು. "ಚರ್ಮದ್ದು ಒಳಗೆ ಬೇಡ ಮಗಾ, ಜಗಲಿಯಲ್ಲಿ ಇಟ್ಟು ಬಾ." ಇಟ್ಟು ಬಂದೆ. ಅದೇ ಹೊತ್ತಿಗೆ ದೊಡ್ಡಪ್ಪ ಸ್ಟೀಲ್ ಚೈನಿನ ವಾಚು ಹಾಕಿಕೊಂಡು ಒಳಗೂ ಹೊರಗೂ ಓಡಾಡುತ್ತಿದ್ದರು, ಅವರನ್ನು ಯಾರೂ ತಡೆಯಲಿಲ್ಲ. ನನಗೆ ಸಿಟ್ಟು ಬಂತು. ಜಗಲಿಯ ಗೋಡೆಯಲ್ಲಿ ಮದ್ದಲೆ ನೇತಾಡುತ್ತಿತ್ತು, ಅದು ಚರ್ಮವೇ. ದೇವಸ್ಥಾನದ ನಗಾರಿ ಚರ್ಮವೇ. ದೇವರ ಕೋಣೆಯ ಮಣೆಯ ಮೇಲೆ ಜಿಂಕೆ ಚರ್ಮ ಹಾಸಿತ್ತು, ಅದಂತೂ ಒಳಗೇ ಇತ್ತು. ಸಂಜೆ ಎಲ್ಲರೂ ಹೋದ ಮೇಲೆ ಅಜ್ಜಿಯ ಹತ್ತಿರ ಇದನ್ನೆಲ್ಲ ಹೇಳಿದೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಅಜ್ಜಿ ಬಹಳ ಹೊತ್ತು ಬತ್ತಿ ಹೊಸೆಯುತ್ತಾ ಕೂತಿದ್ದರು. ಆಮೇಲೆ ಹೇಳಿದರು, ಮದ್ದಲೆಗೆ ಮುಚ್ಚಿಗೆ ಹಾಕುವವರು ವರ್ಷಕ್ಕೊಮ್ಮೆ ಬರುತ್ತಿದ್ದರಂತೆ. ಅಂಗಳದ ಬಾಗಿಲಾದ ದಣಪೆಯ ಆಚೆಯೇ ಕೂತು ಕೆಲಸ ಮಾಡಿ, ಅಲ್ಲೇ ಎಲೆಯಲ್ಲಿ ಊಟ ಮಾಡಿ ಹೋಗುತ್ತಿದ್ದರಂತೆ. ಅವರು ಮಾಡಿದ್ದು ಒಳಗೆ ಬರುತ್ತಿತ್ತು. "ಅವರನ್ನು ಒಳಗೆ ಕರೀಬೇಕು ಅಂತ ನಮಗೆ ಹೊಳೀಲೇ ಇಲ್ಲ ಮಗಾ." ಅಜ್ಜಿ ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಮುಂದಿನ ವರ್ಷವೂ ಬೆಲ್ಟನ್ನು ಜಗಲಿಯಲ್ಲೇ ಇಡಿಸಿದರು.

ನಾನು ಚರ್ಮದ ಬೆಲ್ಟನ್ನೇ ಇಷ್ಟಪಡುವುದರಲ್ಲಿ ಆ ದಿನದ ಪಾಲೂ ಇದೆ ಅಂತ ನನಗೆ ಅನಿಸುತ್ತದೆ. ಚೈನು ಶುದ್ಧ, ಬೆಲ್ಟು ಮೈಲಿಗೆ ಅನ್ನುವ ಲೆಕ್ಕ ನನಗೆ ಆವತ್ತೂ ಒಪ್ಪಿಗೆಯಾಗಲಿಲ್ಲ, ಇವತ್ತೂ ಇಲ್ಲ. ಹರಳಯ್ಯನ ಕತೆಯನ್ನು ಮಕ್ಕಳಿಗೆ ಹೇಳುವ ನಾಡು ನಮ್ಮದು. ತನ್ನ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಹೊಲಿದವನ ಕತೆ ಅದು. ಅದನ್ನು ಹೇಳಿ ಮುಗಿಸಿ, ಚರ್ಮ ಹೊಲಿಯುವವರ ಮಗ ಕ್ಲಾಸಿನಲ್ಲಿ ತನ್ನ ಅಪ್ಪನ ಕೆಲಸ ಹೇಳಲು ಹಿಂಜರಿಯುವುದನ್ನು ನಾನು ನೋಡಿದ್ದೇನೆ. ಒಂದು ಒಳ್ಳೆಯ ಬೆಲ್ಟನ್ನು ಹತ್ತಿರದಿಂದ ನೋಡಿ. ಅಂಚನ್ನು ತೆಳುವಾಗಿ ಕೆತ್ತಿ ಮಡಚಿರುತ್ತಾರೆ, ಒಳಗೆ ಮೈಗೆ ಮೆತ್ತಗಿರುವ ಇನ್ನೊಂದು ಪದರ, ಸಮನಾದ ಹೊಲಿಗೆ. ಅದು ಕೈಕೆಲಸ ಬಲ್ಲವರ ಕೆಲಸ.

ಚೈನಿಗೂ ತಕರಾರುಗಳಿವೆ

ಹಾಗಂತ ಚೈನನ್ನು ದೂರುತ್ತಿಲ್ಲ. ಕೆಲಸಕ್ಕೆ ಸೇರಿದ ಮೊದಲ ಆರು ವರ್ಷ ನಾನು ಆಗುಂಬೆ ಹತ್ತಿರದ ಹೈಸ್ಕೂಲಿನಲ್ಲಿದ್ದೆ. ಆಗ ಈ ವಾಚಿಗೆ ಚೈನೇ ಇತ್ತು. ಬೇರೆ ದಾರಿ ಇರಲಿಲ್ಲ. ಜುಲೈನಲ್ಲಿ ಹಾಜರಿ ಪುಸ್ತಕದ ಹಾಳೆಗಳೇ ಮೆತ್ತಗಾಗುವ ಊರು ಅದು. ಚೈನನ್ನು ಸೆರಗಿನಲ್ಲಿ ಒರೆಸಿದರೆ ಮುಗಿಯಿತು.

ಮೊದಲ ಚೈನು ಅಗ್ಗದ್ದು, ಹಿತ್ತಾಳೆಯ ಮೇಲೆ ಹೊಳಪು ಲೇಪ. ಎರಡನೇ ಮಳೆಗಾಲಕ್ಕೆ ಲೇಪ ಸವೆದು ಕೊಂಡಿಗಳ ಸಂದಿಯಲ್ಲಿ ಹಸಿರು ಕಿಲುಬು ಬಂತು, ಮಣಿಕಟ್ಟಿನಲ್ಲಿ ತುರಿಕೆ, ಕೆಂಪು ಗುಳ್ಳೆ. ಚರ್ಮದ ಡಾಕ್ಟರು ನೋಡಿದ ಕೂಡಲೇ ನಿಕ್ಕಲ್ ಅಲರ್ಜಿ ಅಂದರು. ಲೇಪದ ಕೆಳಗಿನ ನಿಕ್ಕಲ್ ಬೆವರಿನಲ್ಲಿ ಕರಗಿ ಮೈಗೆ ಹತ್ತುತ್ತದೆ. ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲೂ ನಿಕ್ಕಲ್ ಇರುತ್ತದೆ. ನಮ್ಮ ಒಳ್ಳೆ ಲೋಟ, ತಟ್ಟೆಗಳ ಸ್ಟೀಲಿನಲ್ಲಿ ಸುಮಾರು ನೂರಕ್ಕೆ 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್. ಒಳ್ಳೆ ವಾಚಿನ ಚೈನುಗಳಿಗೆ ಬಳಸುವ 316 ಅನ್ನುವ ಸ್ಟೀಲಿನಲ್ಲಿ ನಿಕ್ಕಲ್ ಇನ್ನೂ ಜಾಸ್ತಿ, ಜೊತೆಗೆ 2–3 ಭಾಗ ಮಾಲಿಬ್ಡಿನಮ್. ಆದರೆ ಆ ಸ್ಟೀಲಿನಲ್ಲಿ ನಿಕ್ಕಲ್ ಬಿಗಿಯಾಗಿ ಕೂತಿರುತ್ತದೆ, ಹೊರಗೆ ಬರುವುದು ಬಹಳ ಕಮ್ಮಿ. ಮೇಲೆ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಕಣ್ಣಿಗೆ ಕಾಣದ ತೆಳು ಪೊರೆ ಮಾಡಿಕೊಂಡಿರುತ್ತದೆ. ಗೀರಿದರೆ ಪೊರೆ ಮತ್ತೆ ಕಟ್ಟಿಕೊಳ್ಳುತ್ತದೆ. ಅದಕ್ಕೇ ತುಕ್ಕು ಹಿಡಿಯುವುದಿಲ್ಲ. ಮಾಲಿಬ್ಡಿನಮ್ ಇದ್ದರೆ ಬೆವರಿನ ಉಪ್ಪನ್ನೂ ತಡೆಯುತ್ತದೆ.

ನನಗೆ ಬಹಳ ಇಷ್ಟವಾದ ಸಂಗತಿ ಅಂದರೆ, ಇವತ್ತು ಜಗತ್ತಿನ ಹೆಚ್ಚಿನ ಚರ್ಮವನ್ನು ಹದ ಮಾಡುವುದೂ ಕ್ರೋಮಿಯಂ ಉಪ್ಪಿನಿಂದಲೇ. ತೊಗಟೆಯ ಒಗರಿನಲ್ಲಿ ವಾರಗಟ್ಟಲೆ ಹಿಡಿಯುವುದು ಇದರಲ್ಲಿ ಒಂದೆರಡು ದಿನಕ್ಕೆ ಮುಗಿಯುತ್ತದೆ, ಚರ್ಮ ಕುದಿಯುವ ನೀರಿನ ಬಿಸಿಯನ್ನೂ ತಡೆಯುತ್ತದೆ. ಬೆಲ್ಟು, ಚೈನು ಅಂತ ಎರಡು ಕೈಯಲ್ಲಿ ಹಿಡಿದು ತೂಗುತ್ತೇವೆ, ಎರಡನ್ನೂ ಕಾಯುತ್ತಿರುವುದು ಒಂದೇ ಲೋಹ. ಚರ್ಮ ಕಾಡಿನದು, ಲೋಹ ಪೇಟೆಯದು ಅನ್ನುವುದೂ ಪೂರ್ತಿ ನಿಜ ಅಲ್ಲ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದಾಗ ಒಲೆಗೆ ಹಾಕಿದ್ದು ನಮ್ಮ ಕಾಡಿನ ಇದ್ದಿಲು. ಅದಿರು ಬಂದದ್ದು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ.

ಆಗುಂಬೆಯ ಕಡೆ ಇದ್ದಾಗಲೇ ಒಂದು ಸಲ ವಾಚು ಕಳೆದೇ ಹೋಗಿತ್ತು. ಪುಷ್ಯ ಮಳೆ. ಛತ್ರಿ ಹಿಡಿದು ಮೈದಾನ ದಾಟಿ ಬಂದು ಸ್ಟಾಫ್ ರೂಮಿನಲ್ಲಿ ಕೈ ನೋಡಿದರೆ ಬರೀ ಕೈ. ಚೈನು ಗಟ್ಟಿಯಾಗಿತ್ತು, ಲಾಕೂ ಗಟ್ಟಿಯಾಗಿತ್ತು. ಆದರೆ ಚೈನನ್ನು ವಾಚಿಗೆ ಸೇರಿಸುವ ಪಿನ್ನು ಒಳಗೊಳಗೇ ತುಕ್ಕು ಹಿಡಿದು ಮುರಿದಿತ್ತು. ಎಂಟನೇ ಕ್ಲಾಸಿನ ಒಬ್ಬಳು ಮಧ್ಯಾಹ್ನ ಊಟದ ಡಬ್ಬಿ ಕಟ್ಟುವ ಬಟ್ಟೆಯಲ್ಲಿ ಸುತ್ತಿಕೊಂಡು ತಂದುಕೊಟ್ಟಳು. "ಕೆಸರಲ್ಲಿ ಟಿಕ್ ಟಿಕ್ ಅಂತಿತ್ತು ಟೀಚರ್" ಅಂದಳು. ಆ ಮಳೆಯಲ್ಲಿ ಅವಳಿಗೆ ಅದು ಹೇಗೆ ಕೇಳಿಸಿತೋ. ಗಾಜಿನ ಒಳಗೆ ಹಬೆ ಕೂತಿತ್ತು, ಬಿಚ್ಚಿಸಿ ಒಣಗಿಸಬೇಕಾಯಿತು. ಚೈನು ಹಾಕಿದ ಮಾತ್ರಕ್ಕೆ ವಾಚು ನೀರಿಗೆ ಗಟ್ಟಿ ಅಂತ ನಾನು ತಿಳಿದುಕೊಂಡಿದ್ದೆ, ಎಷ್ಟೋ ಜನ ಈಗಲೂ ಹಾಗೇ ತಿಳಿದಿದ್ದಾರೆ. ಕೀ ಕೊಡುವ ಹಳೇ ವಾಚುಗಳಿಗೆ ನೀರು ಆಗುವುದಿಲ್ಲ, ಕೈಗೆ ಏನು ಕಟ್ಟಿದರೂ ಅಷ್ಟೇ. ಮತ್ತೆ ಬೆಲ್ಟಾಗಲಿ ಚೈನಾಗಲಿ, ವಾಚು ನಿಂತಿರುವುದು ಬೆಂಕಿಕಡ್ಡಿಗಿಂತ ಸಣ್ಣ ಎರಡು ಪಿನ್ನುಗಳ ಮೇಲೆ. ನಾವು ಸಾವಿರಗಟ್ಟಲೆ ಕೊಟ್ಟು ಪಟ್ಟಿ ಆರಿಸುತ್ತೇವೆ, ಪಿನ್ನನ್ನು ಕೇಳುವುದೇ ಇಲ್ಲ. ಈಗ ನಾನು ಪ್ರತಿ ವರ್ಷ ಎರಡೂ ಪಿನ್ನು ಹೊಸದು ಹಾಕಿಸುತ್ತೇನೆ, ಸ್ಟೇನ್‌ಲೆಸ್ ಪಿನ್ನೇ ಬೇಕು ಅಂತ ಕೇಳಿ.

ಉಳಿದ ತಕರಾರುಗಳು ಸಣ್ಣವು, ಆದರೆ ದಿನಾ ಇರುವವು. ಚೈನು ಬಳೆಗೆ ಬಡಿಯುತ್ತದೆ. ಬೋರ್ಡಿನ ಮೇಲೆ ಬರೆಯುವಾಗ, ಪೇಪರ್ ತಿದ್ದುವಾಗ ಮೇಜಿಗೆ ಟಕ್ ಟಕ್. ಡಿಸೆಂಬರಿನ ಬೆಳಗ್ಗೆ ಮುಟ್ಟಿದರೆ ತಣ್ಣಗೆ ಕೊರೆಯುತ್ತದೆ. ತೂಕವೂ ಹೆಚ್ಚು, ಬೆಲ್ಟು ಕಟ್ಟಿದರೆ ಕೈಯಲ್ಲಿ ವಾಚಿದೆ ಅಂತಲೇ ಗೊತ್ತಾಗುವುದಿಲ್ಲ. ಸಂದಿಯಲ್ಲಿ ಕೊಳೆ ಕೂರುತ್ತದೆ. ಅಂಟುವಾಳದ ನೀರಿನಲ್ಲಿ ನೆನೆಸಿ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದರೆ ಬರುವ ಕಪ್ಪು ನೀರು ನೋಡಿದರೆ ನೀವು ತಿಂಗಳಿಗೊಮ್ಮೆ ತೊಳೆಯಲು ಶುರು ಮಾಡುತ್ತೀರಿ. ತೊಳೆಯುವಾಗ ವಾಚಿನಿಂದ ಚೈನನ್ನು ಬಿಚ್ಚಿಕೊಳ್ಳಿ, ದಯವಿಟ್ಟು.

ಸ್ವಾತಿ ಕಳೆದ ಮೇಲೆ

ಗಾಂಧಿ ಬಜಾರಿನವರು ಆವತ್ತು ನನಗೆ ಬೆಲ್ಟು ಕೊಡಲೇ ಇಲ್ಲ. ನೀವು ಶಿವಮೊಗ್ಗದಲ್ಲಿ ಇರುವವರು, ಕೊಡಬಹುದು, ಆದರೆ ಶನಿವಾರ ಭಾನುವಾರ ಊರಿಗೆ ಹೋಗ್ತೀರಲ್ಲ ಅಂದರು. 316 ಸ್ಟೀಲಿನ ಚೈನು ಹಾಕಿ, ನನ್ನ ಕೈ ಅಳತೆಗೆ ಐದು ಕೊಂಡಿ ತೆಗೆದು, ತೆಗೆದ ಕೊಂಡಿಗಳನ್ನು ಪುಟ್ಟ ಕವರಿನಲ್ಲಿ ಹಾಕಿ ಕೊಟ್ಟರು. ಎಸೆಯಬೇಡಿ, ಕೈ ದಪ್ಪ ಆದರೆ ಬೇಕಾಗುತ್ತದೆ ಅಂದರು. "ಸ್ವಾತಿ ಮಳೆ ಕಳೆದ ಮೇಲೆ ಬನ್ನಿ, ಒಳ್ಳೆ ಬೆಲ್ಟ್ ತೆಗೆದಿಟ್ಟಿರ್ತೀನಿ."

ಮೃಗಶಿರದಿಂದ ಸ್ವಾತಿಯ ತನಕ ಚೈನು, ಆಮೇಲೆ ಮತ್ತೆ ಮುಂಗಾರು ಬರುವ ತನಕ ಬೆಲ್ಟು. ನಮ್ಮ ಕಡೆ ಕಂಬಳಿ, ಕೊಡೆ, ಉಪ್ಪಿನಕಾಯಿ, ಸೌದೆ ಎಲ್ಲಕ್ಕೂ ಮಳೆ ಹಿಡಿಯುವ ಮೊದಲು ಒಂದು, ಆಮೇಲೆ ಒಂದು ಅಂತ ಲೆಕ್ಕ ಇದೆ. ಕೈಯ ವಾಚಿಗೆ ಯಾಕೆ ಇರಲಿಲ್ಲವೋ ಗೊತ್ತಿಲ್ಲ. ಪಿನ್ನು ತೆಗೆದು ಹಾಕಲು ನಾನೇ ಕಲಿತೆ. ಎರಡು ನಿಮಿಷದ ಕೆಲಸ. ಪಿನ್ನು ಹಾರಿಹೋದರೆ ಸಿಗಲಿ ಅಂತ ಕೆಳಗೆ ಬಿಳೀ ಟವೆಲ್ ಹಾಸಿಕೊಳ್ಳುತ್ತೇನೆ.

ದೀಪಾವಳಿಗೆ ಊರಿಗೆ ಹೋದಾಗ ಸ್ವಾತಿ ಮಳೆ ಇನ್ನೂ ಮುಗಿದಿರಲಿಲ್ಲ. ಆದರೂ ಆಕಾಶ ತಿಳಿಯಾಗಿತ್ತು, ಅಂಗಳದಲ್ಲಿ ಅಡಿಕೆ ಚಪ್ಪರಕ್ಕೆ ಕಂಬ ನೆಡುತ್ತಿದ್ದರು. ಅಪ್ಪಯ್ಯ ಒಳಗಿನಿಂದ ಕಾಗದದ ಪೊಟ್ಟಣ ಒಂದನ್ನು ತಂದರು. ಒಲೆಯ ಮೇಲೆ ಸುಟ್ಟುಹೋದ ಬೆಲ್ಟು. ನಾನು ಎಸೆದಿದ್ದೆ ಅಂದುಕೊಂಡಿದ್ದೆ, ಅವರು ಎತ್ತಿಟ್ಟುಕೊಂಡಿದ್ದರು. ಎರಡೂವರೆ ತಿಂಗಳು ಪ್ರತಿ ರಾತ್ರಿ ಊಟ ಆದ ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ, ಬೆರಳಿನಲ್ಲಿ ತಿಕ್ಕಿ ತಿಕ್ಕಿ ಬಗ್ಗಿಸಿದ್ದಾರಂತೆ. ಅಮ್ಮ ಹೇಳಿದಳು, ಅವರು ಹೇಳಲಿಲ್ಲ. ಎಣ್ಣೆ ಜಾಸ್ತಿಯಾದರೆ ಬೂಷ್ಟಿಗೆ ಇನ್ನೂ ಅನುಕೂಲ ಅಂತ ನನಗೆ ಗೊತ್ತು, ಹೇಳಲಿಲ್ಲ. ಬೆಲ್ಟು ಬೆಂದ ಅಡಿಕೆಯ ಹಾಗೆ ಗಾಢವಾಗಿ, ಅಂಚಿನಲ್ಲಿ ಕಪ್ಪಾಗಿತ್ತು. ಬಿರುಕು ಹಾಗೇ ಇತ್ತು. ಆದರೆ ಬಗ್ಗುತ್ತಿತ್ತು.

"ಕಟ್ಟಿ ನೋಡು" ಅಂದರು. ಜಗಲಿಯಲ್ಲಿ ಟವೆಲ್ ಹಾಸಿಕೊಂಡು ಕೂತು ಚೈನು ಬಿಚ್ಚಿದೆ, ಬೆಲ್ಟು ಹಾಕಿದೆ. ಮುದುಡಿ ಗಿಡ್ಡವಾಗಿತ್ತು. ಮೊದಲು ನಾಲ್ಕನೇ ತೂತಿಗೆ ಹಾಕುತ್ತಿದ್ದೆ, ಈಗ ಕೊನೆಯ ತೂತಿಗೆ ಬಂತು. ಕೈ ಮೂಗಿನ ಹತ್ತಿರ ತಂದರೆ ಕೊಬ್ಬರಿ ಎಣ್ಣೆ, ಬಚ್ಚಲ ಒಲೆಯ ಹೊಗೆ. ಮಾರನೇ ದಿನ ಶಿವಮೊಗ್ಗದ ಬಸ್ಸಿನಲ್ಲಿ ಕೂತಾಗಲೂ ಆ ವಾಸನೆ ಹೋಗಿರಲಿಲ್ಲ. ಗಾಂಧಿ ಬಜಾರಿನವರು ತೆಗೆದಿಟ್ಟ ಬೆಲ್ಟನ್ನು ಈ ವರ್ಷ ತರುತ್ತೇನೆ ಅಂತ ಹೇಳಿ ಕಳಿಸಿದ್ದೇನೆ.